ಕಾಲಿಗೆ ಬಿದ್ದ ಬೀಗ

ನಾನು ಪುಕ್ಕಲ. ಬೇರೆಯವರು ಹೇಳುವ ಮೊದಲು ನಾನೇ ಹೇಳಿಕೊಂಡುಬಿಟ್ಟರೆ ಅಷ್ಟರಮಟ್ಟಿಗೆ ಮರ್ಯಾದೆ ಉಳಿಯುತ್ತದೆ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್‌ಸ್ಟ್ಯಾಂಡಿನಿಂದ ಮನೆಗೆ ವಾಪಸು ಬಂದು, ಅದೇ ಗಾಬರಿಯಲ್ಲಿ ಬಾಗಿಲು ಹಾಕುವುದನ್ನು ಮರೆತು ಹೋದವನು ನಾನು. ಧೈರ್ಯಸ್ಥರ ಎಡವಟ್ಟುಗಳನ್ನು ಜನ ಕಥೆ ಮಾಡಿ ಹೇಳುತ್ತಾರೆ. ಪುಕ್ಕಲರು ಹುಷಾರಾಗಿರಲು ಹೋಗಿ ಮಾಡಿಕೊಳ್ಳುವ ಎಡವಟ್ಟುಗಳನ್ನು ಅವರೇ ಹೇಳಿಕೊಳ್ಳಬೇಕು.

ನನಗೆ ಎಲ್ಲಕ್ಕಿಂತ ಹೆಚ್ಚು ಭಯ ನಮ್ಮ ಮಂಡ್ಯದ ಹತ್ತಿರದ ದುದ್ದದಲ್ಲಿರುವ ನನ್ನ ಮಾವನವರದು. ಕಳೆದ ಬೇಸಿಗೆಯಲ್ಲಿ ಮಂಡ್ಯದ ಡಾಕ್ಟರು ನನ್ನ ರಕ್ತದ ರಿಪೋರ್ಟು ನೋಡಿ, ಕೊಲೆಸ್ಟ್ರಾಲು ಏರಿದೆ, ಮಟನ್ ಬಿಡಿ, ಸೈಕಲ್ ತುಳಿಯಿರಿ ಅಂದರು. ಅದಾದ ವಾರಕ್ಕೇ ನನ್ನ ಭಾಮೈದನ ಮದುವೆಯ ಬೀಗರೂಟ. ಬೀಗರೂಟಕ್ಕೆ ಹೋಗಿ ಮಟನ್ ಬೇಡ ಅನ್ನುವುದೂ ಒಂದೇ, ಮದುವೆಗೆ ಹೋಗಿ ಅಕ್ಷತೆ ಹಾಕುವುದಿಲ್ಲ ಅನ್ನುವುದೂ ಒಂದೇ. ಮಾವ ತಾವೇ ಸೌಟು ಹಿಡಿದು ಬಂದು, ಅಳಿಯನಿಗೆಂದೇ ಎತ್ತಿಟ್ಟಿದ್ದ ನಲ್ಲಿಮೂಳೆ ಬಡಿಸಲು ಬಗ್ಗಿದರು. ನಾನು ಎಲೆಗೆ ಕೈ ಅಡ್ಡ ಹಿಡಿದು, ಡಾಕ್ಟರು ಬೇಡ ಅಂದಿದ್ದಾರೆ ಅಂದೆ. ಪಂಕ್ತಿಗೆ ಪಂಕ್ತಿಯೇ ನನ್ನತ್ತ ತಿರುಗಿತು.

“ನಮ್ಮನೆ ಎಲೆ ಮುಂದ್ಕೆ ಡಾಕ್ಟ್ರುನ್ಯಾಕೆ ಕರ್ಕಂಡ್ ಬಂದ್ರಿ?” ಅಂದರು ಮಾವ. ಆಮೇಲೆ ನನ್ನೊಡನೆ ಮಾತು ಬಿಟ್ಟರು.

ಫೋನು ನಾನೆತ್ತಿದರೆ ಅವರು ಇಟ್ಟುಬಿಡುತ್ತಿದ್ದರು. ಹೆಂಡತಿ ಸವಿತಾ, ಅಪ್ಪನ ಮುಂದೆ ನಿಂತು ‘ತಪ್ಪಾಯ್ತು’ ಅಂತ ಒಂದು ಮಾತು ಅಂದುಬಿಡಿ, ಮೂರಕ್ಷರ, ಮುಗಿದುಹೋಗುತ್ತೆ ಅಂತ ಹೇಳಿ ಹೇಳಿ ಸಾಕಾದಳು. ಗೌರಿಹಬ್ಬಕ್ಕೆ ತವರಿಗೂ ಹೋಗಲಿಲ್ಲ. ಒಬ್ಬಳೇ ಹೋದರೆ ಯಜಮಾನರೆಲ್ಲಿ ಎಂದು ಕೇಳುವವರಿಗೆ ಏನು ಹೇಳಲಿ ಅಂದಳು. ಅವತ್ತು ಅಡಿಗೆಮನೆಯಲ್ಲಿ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ನೋಡಿ ನನಗೆ ನಿಜವಾಗಿಯೂ ನಾಚಿಕೆಯಾಯಿತು. ಆದರೆ ಮಾವನ ಮೀಸೆ ನೆನಪಾದರೆ ಸಾಕು, ಮೂರಕ್ಷರದಲ್ಲಿ ಒಂದೂ ಬಾಯಿಗೆ ಬರುತ್ತಿರಲಿಲ್ಲ.

ಮಟನ್ನಿನ ಪಾಡು ಹೀಗಾಯಿತು, ಉಳಿದದ್ದು ಸೈಕಲ್ಲು. ನನ್ನದು ಕಾಲೇಜಿನ ಕಾಲದ್ದು. ಪೆಡಲ್ಲಿನ ರಬ್ಬರು ಸವೆದು ಚಪ್ಪಲಿ ಜಾರಿ ಕಣಕಾಲಿನ ಮೂಳೆಗೆ ಏಟು ಬೀಳುತ್ತಿತ್ತು. ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನವರೊಬ್ಬರಿದ್ದಾರೆ, ಭಾನುವಾರ ಭಾನುವಾರ ಮದ್ದೂರಿಗೆ ಸೈಕಲ್ ತುಳಿದುಕೊಂಡು ಹೋಗಿ, ನಾಲ್ಕು ವಡೆ ತಿಂದು, ಮೈ ಹಗುರಾಯಿತು ಎನ್ನುತ್ತಾ ಬರುವವರು. ‘ಕ್ಲಿಪ್‌ಲೆಸ್’ ಪೆಡಲ್ ಹಾಕಿಸಿಕೊಳ್ಳಿ, ಕಾಲು ಜಾರುವ ಮಾತೇ ಇಲ್ಲ ಅಂದರು. ‘ಲೆಸ್’ ಅಂದರೆ ಇಲ್ಲ ಎನ್ನುವಷ್ಟು ಇಂಗ್ಲಿಷು ನನಗೂ ಗೊತ್ತು. ಕ್ಲಿಪ್ಪಿಲ್ಲ ಅಂದಮೇಲೆ ಕಾಲು ಸ್ವತಂತ್ರ, ಪುಕ್ಕಲನಿಗೆ ಹೇಳಿ ಮಾಡಿಸಿದ ಪೆಡಲ್ಲು ಎಂದುಕೊಂಡು ಮೊಬೈಲಿನಲ್ಲೇ ತರಿಸಿದೆ. ಅದಕ್ಕೆ ಬೇರೆ ಶೂ ಬೇಕಂತೆ, ಅದನ್ನೂ ತರಿಸಿದೆ. ಶೂ ಅಡಿಯಲ್ಲಿ ಮೂರು ತೂತು, ಪೆಡಲ್ಲಿನ ಜೊತೆ ಬಂದಿದ್ದ, ಶೂಗೆ ಸ್ಕ್ರೂ ಹಾಕಿ ಕೂರಿಸಬೇಕಾದ ಲೋಹದ ತುಂಡಿಗೆ ಎರಡೇ ತೂತು. ಜಾತಕ ಕೂಡಿಸದೆ ಸಂಬಂಧ ಮಾಡಿದರೆ ಹೀಗೇ ಆಗೋದು ಅಂದಳು ಸವಿತಾ. ಶೂ ವಾಪಸು ಕಳಿಸಿ, ಎರಡು ತೂತಿನದ್ದು ತರಿಸಿದ್ದಾಯಿತು.

ಸೈಕಲ್ ರಿಪೇರಿಯ ರಫೀಕ್ ಸಾಬರ ಅಂಗಡಿಗೆ ಹೋಗುವಾಗ, ಹಳೇ ಸೈಕಲ್ಲಿಗೆ ಹೊಸ ಪೆಡಲ್ಲಿನ ಥ್ರೆಡ್ಡು ಕೂರದಿದ್ದರೆ ಏನು ಗತಿ ಎಂದು ಹೆದರಿದ್ದೆ. ಕೂತಿತು. ಸಾಬರು ಶೂವನ್ನು ಕೈಯಲ್ಲೇ ಪೆಡಲ್ಲಿಗೆ ಒತ್ತಿದರು. ಟಕ್ ಅಂತು. ಎಳೆದರು, ಬರಲಿಲ್ಲ.

“ಎಸ್ರಿಗೆ ಕ್ಲಿಪ್ಪಿಲ್ಲ ಸಾ. ಕಾಲ್ಗೆ ಬೀಗ ಇದು,” ಅಂದರು. “ಎಳುದ್ರೆ ಬರಾಕಿಲ್ಲ. ಇಮ್ಮಡಿಯ ಆಚೆಗ್ ತಿರುಗ್ಸುದ್ರೆ ಬತ್ತದೆ.”

ಬೇಡ, ಹಳೆಯದನ್ನೇ ಹಾಕಿಬಿಡಿ ಅನ್ನಬಹುದಿತ್ತು. ಆದರೆ ಒಂದು ಸಲ ಬೇಡ ಅಂದು ಪಟ್ಟ ಪಾಡು ನೆನಪಿತ್ತು. ಹಳೇ ಪೆಡಲ್ಲನ್ನು ಅವರ ಹತ್ತಿರವೇ ಬಿಟ್ಟು ಬಂದೆ. ಹದಿನೈದು ದಿನ ಮನೆಯ ಮುಂದಿನ ಗ್ರಿಲ್ಲು ಹಿಡಿದುಕೊಂಡು, ಹಿಮ್ಮಡಿ ಆಚೆಗೆ, ಹಿಮ್ಮಡಿ ಆಚೆಗೆ ಎಂದು ಜಪ ಮಾಡಿದೆ. ನಿದ್ದೆಯಲ್ಲೂ ಹಿಮ್ಮಡಿ ತಿರುಗಿಸಿ ಸವಿತಾಳಿಗೆ ಒದ್ದೆನಂತೆ. ಬಿದ್ದರೆ ಸೊಂಟ ಮುರಿಯುತ್ತದೆ, ಹಿಂದಿನಿಂದ ಬಸ್ಸು ಬರುತ್ತದೆ, ಶವಕ್ಕೂ ಸೈಕಲ್ಲು ಅಂಟಿಕೊಂಡೇ ಇರುತ್ತದೆ, ಇಂಥವೇ ಯೋಚನೆಗಳು. ಮಳವಳ್ಳಿಯಿಂದ ಬಂದಿದ್ದ ನನ್ನ ಅಕ್ಕ ಜಪ ಕೇಳಿ, ಇವನಿಗೆ ಯಾವಾಗಿನಿಂದ ಹೀಗೆ ಎಂದು ಸವಿತಾಳನ್ನು ಮೆಲ್ಲಗೆ ವಿಚಾರಿಸಿದಳು.

ಒಂದು ಭಾನುವಾರ ಬೆಳಿಗ್ಗೆ, ಬಸ್ಸು ಲಾರಿ ಕಡಿಮೆಯೆಂದು ದುದ್ದದ ದಾರಿ ಹಿಡಿದೆ. ಹೆಂಡತಿಗೆ ಮಾತ್ರ, ನಿಮ್ಮಪ್ಪನನ್ನು ನೋಡಿ ಮಾತಾಡಿಯೇ ಬರುತ್ತೇನೆ ಅಂದಿದ್ದೆ. ಊರು ಮುಟ್ಟುವ ಮೊದಲೇ ತಿರುಗಿಕೊಳ್ಳುವ ಯೋಚನೆಯೂ ಇತ್ತು, ಸುಳ್ಳೇಕೆ ಹೇಳಲಿ. ಆದರೆ ಊರಿಗೆ ಇನ್ನೂ ಸ್ವಲ್ಪ ದೂರವಿರುವಾಗಲೇ, ರಸ್ತೆಬದಿಯ ಟೀ ಅಂಗಡಿ ಮುಂದೆ ಮಾವ ನಿಂತಿದ್ದರು. ಜೊತೆಯಲ್ಲಿ ಊರಿನ ಮೂರ್ನಾಲ್ಕು ಮಂದಿ. ನೋಡಿಬಿಟ್ಟರು. ನಮ್ಮ ಕಡೆ ದೊಡ್ಡವರು ಎದುರಾದರೆ ಸೈಕಲ್ಲಿನಿಂದ ಇಳಿಯಬೇಕು. ಇಳಿಯದೆ ಹೋದರೆ, ಎಲೆಯ ಮೇಲೆ ಕೈ ಅಡ್ಡ ಇಟ್ಟವನ ದಿಮಾಕು ಇನ್ನೂ ಇಳಿದಿಲ್ಲ ಎಂದು ಊರಿಗೆ ಊರೇ ಅನ್ನುತ್ತದೆ. ಬ್ರೇಕು ಹಾಕಿದೆ. ಸೈಕಲ್ಲು ಮಾವನ ಎದುರಿಗೇ ನಿಂತಿತು. ಮೀಸೆ ಕಂಡಿತು. ಹದಿನೈದು ದಿನದ ಜಪ ಮರೆತುಹೋಯಿತು. ಕಾಲನ್ನು ಎಳೆದೆ, ಬರಲಿಲ್ಲ. ಮತ್ತೆ ಎಳೆದೆ. ಆಮೇಲೆ ಸೈಕಲ್ಲು ಸಮೇತ ನಿಧಾನವಾಗಿ ಎಡಕ್ಕೆ ವಾಲಿಕೊಂಡು ಹೋಗಿ ಬಿದ್ದೆ. ಕಣ್ಣು ಬಿಟ್ಟಾಗ ಮೂಗಿನ ಮುಂದೆ ಮಾವನ ಚಪ್ಪಲಿಗಳಿದ್ದವು.

ಟೀ ಅಂಗಡಿ ಮುಂದಿದ್ದವರಲ್ಲಿ ಒಬ್ಬರು, ಮಂಡ್ಯದಿಂದ ಸೈಕಲ್ ತುಳ್ಕಂಡು ಬಂದು ಮಾವನ ಕಾಲಿಗೆ ಬಿದ್ದವ್ರಲ್ಲಾ ಎಂದು ಇನ್ನೊಬ್ಬರಿಗೆ ಹೇಳಿದ್ದು ಕೇಳಿಸಿತು.

“ಏಳಿ ಅಳಿಯಂದ್ರೆ,” ಅಂದರು ಮಾವ.

“ಏಳಕ್ಕಾಗ್ತಿಲ್ಲ ಮಾವ,” ಅಂದೆ. ಎರಡೂ ಕಾಲು ಬೀಗದಲ್ಲಿದ್ದವು, ಸೈಕಲ್ಲು ಮೇಲಿತ್ತು. ಅವರ ಮುಂದೆ ನಾನು ಅಷ್ಟು ಸತ್ಯವಾದ ಮಾತು ಹಿಂದೆಂದೂ ಆಡಿರಲಿಲ್ಲ.

ಮಾವ ಕೂತೇಬಿಟ್ಟರು. ನನ್ನ ತಲೆ ಮೇಲೆ ಕೈಯಿಟ್ಟರು. “ಆಯ್ತು ಬುಡಿ. ನಂದೂ ಒಸಿ ಜಾಸ್ತಿ ಆಯ್ತು.”

ಅವರು ರಟ್ಟೆ ಹಿಡಿದು ಎಬ್ಬಿಸುವಾಗ ಕಾಲು ತಾನಾಗಿಯೇ ತಿರುಗಿ ಟಕ್ ಟಕ್ ಎಂದು ಬಿಡಿಸಿಕೊಂಡಿತು. ಮನೆಗೆ ಕರೆದುಕೊಂಡು ಹೋದರು. ಭಾನುವಾರವಾದ್ದರಿಂದ ಮಟನ್ ಸಾರು, ಮುದ್ದೆ. ನಲ್ಲಿಮೂಳೆ ಬಂತು. ಡಾಕ್ಟರನ್ನು ಮನಸ್ಸಿನಲ್ಲೇ ನೆನೆದು, ಮೂಳೆಯನ್ನು ತಟ್ಟಿ ತಟ್ಟಿ ಹೀರಿದೆ.

ಮಂಡ್ಯಕ್ಕೆ ವಾಪಸು ಬರುವಷ್ಟರಲ್ಲಿ ಫೋನಿನಲ್ಲಿ ಸುದ್ದಿ ಮುಟ್ಟಿತ್ತು. ಸವಿತಾ ಬಾಗಿಲಲ್ಲೇ ನಿಂತಿದ್ದಳು, ಕಣ್ಣು ಕೆಂಪಗಿತ್ತು. ಅವಳು ಅಷ್ಟು ಪ್ರೀತಿಯಿಂದ ನನ್ನ ಕಡೆ ನೋಡಿ ಬಹಳ ದಿನವಾಗಿತ್ತು. ನೀರು ಕೊಟ್ಟಳು. ಆಮೇಲೆ ನನ್ನ ಮೊಣಕೈ ನೋಡಿದಳು, ಶೂ ನೋಡಿದಳು.

“ರೀ, ಕಾಲಿಗೆ ಬಿದ್ದೋರಿಗೆ ಮೊಣಕೈ ಯಾಕ್ರೀ ತರಚುತ್ತೆ?”

ನಾನು ಬಗ್ಗಿ ಶೂ ಬಿಚ್ಚತೊಡಗಿದೆ. ಅವಳು ನಕ್ಕಳು, ನಕ್ಕು ನಕ್ಕು ಮತ್ತೆ ಕಣ್ಣೊರೆಸಿಕೊಂಡಳು. ಅಪ್ಪನಿಗೆ ಹೇಳುವುದಿಲ್ಲ ಅಂದಳು, ಆದರೆ ಒಂದು ಷರತ್ತು ಹಾಕಿದಳು. ಆ ಮೂರಕ್ಷರವನ್ನು ನಾನು ಬಾಯಿಬಿಟ್ಟು ಹೇಳುವ ತನಕ ಪೆಡಲ್ಲು ಬಿಚ್ಚಿಸುವಂತಿಲ್ಲ.

ಹಳೇ ಪೆಡಲ್ಲು ಇನ್ನೂ ರಫೀಕ್ ಸಾಬರ ಅಂಗಡಿಯಲ್ಲೇ ಇದೆ. ನಾನು ದಿನಾ ಬೆಳಿಗ್ಗೆ ಗ್ರಿಲ್ಲು ಹಿಡಿದುಕೊಂಡು ಎರಡು ಜಪ ಮಾಡುತ್ತೇನೆ. ಒಂದು ‘ಹಿಮ್ಮಡಿ ಆಚೆಗೆ’, ಇನ್ನೊಂದು ‘ತಪ್ಪಾಯ್ತು ಮಾವ’. ಹಿಮ್ಮಡಿ ಈಗ ಸಲೀಸಾಗಿ ತಿರುಗುತ್ತದೆ. ನಾಲಗೆಯ ಬೀಗ ಯಾವ ಕಡೆಗೆ ತಿರುಗುತ್ತದೋ, ಅದನ್ನು ಸಾಬರೂ ಹೇಳಿಕೊಟ್ಟಿಲ್ಲ.