ಗೋಡೆಯ ಮೇಲಿನ ಮಾವ

ನಾನು ನಟ. ಈ ಮಾತನ್ನು ನಾನೇ ಹೇಳಿಕೊಳ್ಳಬೇಕಾಗಿ ಬಂದಿದೆ ಎಂದಮೇಲೆ ನನ್ನ ಕಲಾಜೀವನ ಎಷ್ಟು ವೈಭವದಿಂದ ಸಾಗಿದೆ ಎಂಬುದು ನಿಮಗೆ ತಿಳಿದೇ ಹೋಯಿತು.

ಹರೆಯದಲ್ಲಿ ಬಾಗಲಕೋಟೆ ಕಡೆಯ ಒಂದು ನಾಟಕ ಕಂಪನಿಯಲ್ಲಿದ್ದೆ. ಡೇರೆ ಹೊಡೆದು ಊರೂರಲ್ಲಿ ಆಡುವ ಕಂಪನಿ. ಇದ್ದ ಒಂದು ಮೈಕು ನಾಯಕಿಗೆ ಮೀಸಲು, ಉಳಿದವರು ಗಂಟಲನ್ನೇ ನಂಬಿ ಬದುಕಬೇಕು. ಮಾತು ಕೊನೆಯ ಸಾಲಿನವನಿಗೆ ಮುಟ್ಟಬೇಕು, ಪ್ರೇಕ್ಷಕರಿಗೆ ಬೆನ್ನು ತೋರಿಸಬಾರದು ಎಂದು ನಮ್ಮ ಮಾಸ್ತರರು ಕಲಿಸಿದ್ದರು. ಅದಕ್ಕಿಂತ ಮುಖ್ಯವಾಗಿ, ಎದುರಿನ ನಟ ಮಾತು ಮರೆತು ನಿಂತರೆ ಅವನ ಮಾನ ಕಾಯುವುದು ನಿನ್ನ ಧರ್ಮ ಎಂದಿದ್ದರು. ಹಾಗಾಗಿ ಎಲ್ಲರ ಮಾತನ್ನೂ ಎಲ್ಲರೂ ಬಾಯಿಪಾಠ ಮಾಡುತ್ತಿದ್ದೆವು.

ಒಮ್ಮೆ ಮಹಾರಾಜನ ಪಾತ್ರಧಾರಿ ಸಿಂಹಾಸನದ ಮೇಲೆಯೇ ನಿದ್ದೆ ಹೋದ. ಮಂತ್ರಿಯಾಗಿದ್ದ ನಾನು, ‘ಮಹಾಪ್ರಭುಗಳ ಮನಸ್ಸಿನಲ್ಲಿರುವುದನ್ನು ಈ ದಾಸನೇ ಅರಿಕೆ ಮಾಡುತ್ತಾನೆ’ ಎಂದು ಇಡೀ ಅಂಕವನ್ನು ಒಬ್ಬನೇ ಎಳೆದುಕೊಂಡು ಹೋದೆ. ಡೇರೆ ಕಿತ್ತುಹೋಗುವಂತೆ ಚಪ್ಪಾಳೆ. ಅದನ್ನು ಮೆಚ್ಚಿಯೇ ನಾಯಕಿ ಶಾರದಾ ನನ್ನನ್ನು ಮದುವೆಯಾದಳು. ನಿದ್ದೆ ಹೋದ ರಾಜನೇ ಇದ್ದುದರಲ್ಲಿ ಶಾಣ್ಯಾ ಎಂದು ಈಗ ಹೇಳುತ್ತಿರುತ್ತಾಳೆ.

ಕಂಪನಿ ಮುಚ್ಚಿದ ಮೇಲೆ ಹೊಟ್ಟೆಪಾಡಿಗೆ ಪುಣೆಗೆ ಬಂದೆವು. ಕಾರ್ಖಾನೆಯಲ್ಲಿ ದುಡಿದು, ನಿವೃತ್ತನಾಗಿ, ಅಲ್ಲಿಯ ನಿಗಡಿ ಬಡಾವಣೆಯ ಎರಡು ಕೋಣೆಯ ಮನೆಯಲ್ಲಿ ಕೂತಿದ್ದೇನೆ. ವರ್ಷಕ್ಕೊಮ್ಮೆ ಕನ್ನಡ ಸಂಘದ ನಾಟಕದಲ್ಲಿ ಒಂದು ಮುದುಕನ ಪಾತ್ರ ಸಿಗುತ್ತದೆ. ಅದನ್ನು ನೋಡುವವರೂ ಮುದುಕರೇ.

ಇದರಿಂದ ನನಗೇನೂ ಬೇಸರವಿರಲಿಲ್ಲ. ಬೇಸರ ಬಂದದ್ದು ಅಳಿಯ ಬಂದ ಮೇಲೆ. ಸಮೀರ ಸಾತಾರಾ ಕಡೆಯ ಹುಡುಗ, ಕಂಪ್ಯೂಟರ್ ಕೆಲಸ, ಬಹಳ ಒಳ್ಳೆಯವನು. ‘ನಮ್ಮ ಪಪ್ಪಾ ದೊಡ್ಡ ನಟ’ ಎಂದು ಮಗಳು ಹೇಳಿದಾಗಲೆಲ್ಲ ಅವನು ಮರಾಠಿಯಲ್ಲಿ ‘ಹೋ ಕಾ?’ ಎನ್ನುತ್ತಾನೆ. ಹೌದಾ ಎಂದು ಅರ್ಥ. ಅಷ್ಟು ಸಭ್ಯವಾಗಿ ನನ್ನನ್ನು ನಂಬದವರು ಬೇರೆ ಯಾರೂ ಇಲ್ಲ. ತೋರಿಸೋಣವೆಂದರೆ ನನ್ನ ಬಳಿ ಏನಿದೆ? ನಾಟಕ ಮುಗಿದು ಡೇರೆಯನ್ನು ಲಾರಿಗೆ ಹೇರಿದರೆ ನಟನ ಕೆಲಸವೆಲ್ಲ ಅದರ ಜೊತೆಗೇ ಹೋಯಿತು. ಕಣ್ಣು ಮುಚ್ಚುವುದರೊಳಗೆ ಒಮ್ಮೆಯಾದರೂ ಅಳಿಯನೆದುರು ನಟನಾಗಿ ನಿಲ್ಲಬೇಕು. ನನಗಿದ್ದದ್ದು ಇದೊಂದೇ ಆಸೆ.

ಹೀಗಿರುವಾಗ, ಸಂಘದ ನಾಟಕಕ್ಕೆ ಬಣ್ಣ ಹಚ್ಚುವ ಮೇಕಪ್ಪಿನವರು ಒಂದು ಸುದ್ದಿ ತಂದರು. ಅವರು ಕೆಲಸ ಮಾಡುವ ಮರಾಠಿ ಧಾರಾವಾಹಿಯಲ್ಲಿ ನಾಯಕನಿಗೊಬ್ಬ ಮಾವ ಬೇಕಾಗಿದ್ದಾನೆ. ಸೊಲ್ಲಾಪುರದ ಕನ್ನಡ ವ್ಯಾಪಾರಿ, ಮರಾಠಿ ಮಾತಾಡಿದರೂ ಅದರಲ್ಲಿ ಕನ್ನಡದ ವಾಸನೆ ಇರಬೇಕು. ನನ್ನ ಮರಾಠಿಯಲ್ಲಿ ಬೇರೆ ವಾಸನೆಯೇ ಇಲ್ಲ. ಆಯ್ಕೆಯಾದೆ. ಆ ಮಾವ ಕಥೆ ಮುಗಿಯುವವರೆಗೂ ಇರುತ್ತಾನಂತೆ. ಸಮೀರನಿಗೆ ನಾನೇ ಫೋನು ಮಾಡಿ ತಿಳಿಸಿದೆ. ‘ಹೋ ಕಾ?’ ಎಂದ. ಈ ಸಲ ಆ ದನಿಯಲ್ಲಿ ಸ್ವಲ್ಪ ಜೀವ ಇತ್ತು.

ಹೊರಡುವ ದಿನ ಶಾರದಾ ಬಾಗಿಲಿಗೆ ಅಡ್ಡ ನಿಂತಳು.

“ಏನ್ರಿ, ಅಲ್ಲಿ ಹೋಗಿ ಒದರಬ್ಯಾಡ್ರಿ. ಟೀವಿ ನೋಡೋ ಮಂದಿ ಮನ್ಯಾಗ ಕುಂತಿರ್ತಾರ, ಬಯಲಾಗ ಅಲ್ಲ.”

“ನಂಗ ಅಭಿನಯ ಕಲಸ್ತೀ ಏನು?”

“ನಾ ಯಾಕ ಕಲಸ್ಲಿ? ಮಾರಿಗೆ ಏನ್ ಹಚ್ಕೊಂಡೀರಿ ಅದು?”

ಕಂಪನಿಯ ಪದ್ಧತಿಯಂತೆ ನಾನು ಮನೆಯಲ್ಲೇ ಬಣ್ಣ ಹಚ್ಚಿಕೊಂಡಿದ್ದೆ. ಹುಬ್ಬಿಗೆ ಕಾಡಿಗೆ, ಗಲ್ಲಕ್ಕೆ ಕೆಂಪು. ಬಸ್ಸಿನಲ್ಲಿ ನನ್ನ ಪಕ್ಕ ಯಾರೂ ಕೂರಲಿಲ್ಲ. ವಾಕಡದ ಆಚೆ ಇದ್ದ ಶೂಟಿಂಗ್ ಬಂಗಲೆ ಮುಟ್ಟಿದಾಗ ಮೇಕಪ್ಪಿನವರು ಎಣ್ಣೆ ತಂದು ನನ್ನ ಮುಖ ಒರೆಸಿದರು.

ಆಮೇಲೆ ಕಾಯುವ ಕೆಲಸ. ಶೂಟಿಂಗ್ ಎಂದರೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಮುಪ್ಪಾಗುವುದು ಎಂಬುದು ನನಗೆ ಅಲ್ಲಿ ತಿಳಿಯಿತು. ಚಹಾ ಬಂತು, ಮತ್ತೆ ಚಹಾ ಬಂತು, ನನ್ನ ಪಾಳಿ ಮಾತ್ರ ಬರಲಿಲ್ಲ. ಆ ಹೊತ್ತಿನಲ್ಲಿ ನನ್ನ ಮಾತಿನ ಜೊತೆಗೆ ನಾಯಕನ ಮಾತು, ಅತ್ತೆಯ ಮಾತು, ಮನೆಗೆಲಸದವಳ ಮಾತು, ಎಲ್ಲವನ್ನೂ ಬಾಯಿಪಾಠ ಮಾಡಿದೆ. ಧರ್ಮ ಅಂದಮೇಲೆ ಧರ್ಮ.

ದೃಶ್ಯ ಸರಳವಾಗಿತ್ತು. ಮಾವ ಅಳಿಯನ ಮನೆಗೆ ಬರುತ್ತಾನೆ, ‘ನನ್ನ ಮಗಳು ಎಲ್ಲಿ?’ ಎಂದು ಕೇಳುತ್ತಾನೆ. ಅಳಿಯ ತಡೆದು ತಡೆದು, ‘ಅವಳು ಹೊರಗೆ ಹೋಗಿದ್ದಾಳೆ’ ಎಂದು ಸುಳ್ಳು ಹೇಳುತ್ತಾನೆ. ನಿಜವಾಗಿ ಅವಳು ಜಗಳವಾಡಿ ಮನೆ ಬಿಟ್ಟಿದ್ದಾಳೆ. ಆ ಗುಟ್ಟನ್ನು ಇನ್ನೂ ಎಷ್ಟೋ ವಾರ ಕಾಯ್ದಿಡಬೇಕಾಗಿತ್ತು.

ನಾನು ಒಳಗೆ ಬಂದು, ಕೊನೆಯ ಸಾಲಿಗೆ ಮುಟ್ಟುವಂತೆ ಪ್ರಶ್ನೆ ಕೇಳಿದೆ. ಪಕ್ಕದ ಬಂಗಲೆಯ ನಾಯಿ ಉತ್ತರ ಕೊಟ್ಟಿತು. ನಿರ್ದೇಶಕರು ಕಟ್ ಎಂದರು. ಮೊಮ್ಮಗನ ವಯಸ್ಸಲ್ಲದಿದ್ದರೂ ಮಗನ ವಯಸ್ಸಿನವರು, ಪಾಪ, ತಾಳ್ಮೆಯ ಮನುಷ್ಯ. “ಕಾಕಾ, ಮೈಕು ನಿಮ್ಮ ಅಂಗಿಯೊಳಗೇ ಇದೆ” ಎಂದರು.

ಎರಡನೆಯ ಸಲ ಮೆಲ್ಲಗೆ ಕೇಳಿದೆ. ನಾಯಕ ನನ್ನನ್ನೇ ನೋಡುತ್ತ ನಿಂತ. ಮಾತಿಲ್ಲ. ತುಟಿ ನಡುಗಿತು, ಆದರೂ ಮಾತಿಲ್ಲ. ಅಯ್ಯೋ ಪಾಪ, ಹುಡುಗ ಮರೆತ ಎಂದುಕೊಂಡು ತುಟಿ ಅಲುಗಿಸದೆ ‘ಹೊರಗೆ ಹೋಗಿದ್ದಾಳೆ, ಹೊರಗೆ ಹೋಗಿದ್ದಾಳೆ’ ಎಂದು ಪಿಸುಗುಟ್ಟಿದೆ. ಅಂಗಿಯೊಳಗಿನ ಮೈಕು ಅದನ್ನೂ ಹಿಡಿದುಕೊಂಡಿತು. ಕಟ್.

“ಕಾಕಾ, ಅವನು ಮರೆತಿಲ್ಲ. ಅದು ಅಭಿನಯ” ಎಂದರು ನಿರ್ದೇಶಕರು.

“ಸುಮ್ಮನೆ ನಿಲ್ಲುವುದೇ?”

“ಹೌದು, ಕ್ಯಾಮೆರಾ ಎಲ್ಲರ ಮುಖದ ಮೇಲೂ ಹೋಗಿ ಬರಬೇಕು. ನೀವೂ ಸುಮ್ಮನೆ ನಿಲ್ಲಿ.”

ಮೂರನೆಯ ಸಲ ಹಲ್ಲು ಕಚ್ಚಿ ನಿಂತೆ. ನಿಂತೇ ನಿಂತೆ. ಕಂಪನಿ ನಾಟಕದಲ್ಲಿ ಅಷ್ಟು ಹೊತ್ತು ಸುಮ್ಮನಿದ್ದರೆ ಜನ ಶೇಂಗಾ ಸಿಪ್ಪೆ ಎಸೆಯುತ್ತಿದ್ದರು. ಅಷ್ಟರಲ್ಲಿ ನಾಯಕ ನಮಗೆಲ್ಲ ಬೆನ್ನು ಮಾಡಿ ಕಿಟಕಿಯ ಕಡೆ ತಿರುಗಿಬಿಟ್ಟ. ತಿರುಗುವಾಗ ಅವನ ಕಣ್ಣಲ್ಲಿ ನೀರು ಕಂಡಿತು. ಈಗಂತೂ ಅನುಮಾನವೇ ಉಳಿಯಲಿಲ್ಲ. ಮಾತು ಮರೆತು, ಮುಖ ತೋರಿಸಲಾಗದೆ ಅಳುತ್ತಿದ್ದಾನೆ. ಭುಜ ಹಿಡಿದು ಅವನನ್ನು ಕ್ಯಾಮೆರಾ ಕಡೆಗೆ ತಿರುಗಿಸಿ, “ಅಳಿಯಂದಿರೇ, ನಿಮ್ಮ ಮೌನವೇ ಎಲ್ಲವನ್ನೂ ಹೇಳುತ್ತಿದೆ. ನನ್ನ ಮಗಳು ಜಗಳವಾಡಿ ಮನೆ ಬಿಟ್ಟಿದ್ದಾಳೆ. ಚಿಂತಿಸಬೇಡಿ, ನಾನೇ ಹೋಗಿ ಕರೆತರುತ್ತೇನೆ” ಎಂದು ಹೇಳಿ, ಕೈ ಮುಗಿದು ಹೊರಗೆ ನಡೆದೆ.

ಮನಸ್ಸಿಗೆ ಬಹಳ ಸಮಾಧಾನವಾಯಿತು. ಎಷ್ಟೋ ವಾರ ನಡೆಯಬೇಕಾಗಿದ್ದ ಕಥೆಯನ್ನು ನಿಂತ ನಿಲುವಿನಲ್ಲೇ ಸುಖಾಂತ ಮಾಡಿದ್ದೆ. ಚಪ್ಪಾಳೆಗೆ ಕಾದೆ. ನಿರ್ದೇಶಕರು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಿದ್ದರು.

ಸ್ವಲ್ಪ ಹೊತ್ತಿನ ಮೇಲೆ ಬಂದು ಪಕ್ಕದಲ್ಲಿ ಕೂತು, ಬಹಳ ಗೌರವದಿಂದ ಹೇಳಿದರು: “ಕಾಕಾ, ಕಥೆಯಲ್ಲಿ ಸಣ್ಣ ಬದಲಾವಣೆ. ಮಾವನಿಗೆ ಹೃದಯಾಘಾತ.”

ದುಃಖವಾಯಿತೇ? ಸುಳ್ಳೇಕೆ ಹೇಳಲಿ, ಖುಷಿಯಾಯಿತು. ಕಂಪನಿಯಲ್ಲಿ ನನ್ನಷ್ಟು ಚೆನ್ನಾಗಿ ಸಾಯುವವರು ಇನ್ನೊಬ್ಬರಿರಲಿಲ್ಲ. ಹೆಂಡತಿಗೊಂದು ಮಾತು, ಮಕ್ಕಳಿಗೊಂದು ಮಾತು, ಊರಿಗೊಂದು ಮಾತು ಹೇಳಿ ನಿಧಾನವಾಗಿ ಪ್ರಾಣ ಬಿಡುತ್ತಿದ್ದೆ. ಸಮೀರ ನೋಡುವುದಾದರೆ ಅದನ್ನೇ ನೋಡಲಿ ಎಂದುಕೊಂಡೆ. ಮನೆಗೆ ಬಂದು ನಡುಮನೆಯಲ್ಲಿ ಬಿದ್ದು ಬಿದ್ದು ಅಭ್ಯಾಸ ಮಾಡಿದೆ. ಕೆಳಗಿನ ಮನೆಯವರು ಬಂದು, ಸಾಮಾನು ಸರಿಸುವುದಿದ್ದರೆ ಕೈ ಹಚ್ಚುತ್ತೇವೆ ಎಂದು ಹೇಳಿ ಹೋದರು.

ಮರುದಿನ ಹೋದರೆ ಅಲ್ಲಿ ಮಂಚವೂ ಇಲ್ಲ, ವೈದ್ಯನೂ ಇಲ್ಲ. “ಸಾವಿನ ಸುದ್ದಿ ಫೋನಿನಲ್ಲಿ ಬರುತ್ತದೆ. ನಿಮ್ಮ ಒಂದು ಫೋಟೋ ಸಾಕು” ಎಂದರು ನಿರ್ದೇಶಕರು. ಸಾಯುವುದಕ್ಕೂ ನನ್ನನ್ನು ನಂಬಲಿಲ್ಲ. ಕುರ್ಚಿಯ ಮೇಲೆ ಕೂರಿಸಿ ಫೋಟೋ ತೆಗೆದರು. ಅಲ್ಲಿಯೂ ನಾನು ಹುಬ್ಬು ಹಾರಿಸಿ ನವರಸ ತೋರಿಸಲು ಹೋಗಿ, “ಕಾಕಾ, ಏನೂ ಮಾಡಬೇಡಿ” ಎನ್ನಿಸಿಕೊಂಡೆ. ಏನೂ ಮಾಡದಿರುವಷ್ಟು ದಣಿದಿದ್ದೆ. ಫೋಟೋ ಚೆನ್ನಾಗಿ ಬಂತು.

ಅಂದಿನಿಂದ ದಿನಾ ಸಂಜೆ ನಾನು ಟೀವಿಯಲ್ಲಿ. ನಾಯಕನ ಮನೆಯ ಗೋಡೆಯ ಮೇಲೆ ಕಟ್ಟು ಹಾಕಿದ ಚಿತ್ರ, ಅದಕ್ಕೆ ಗಂಧದ ಹಾರ, ಮುಂದೆ ಊದಿನಕಡ್ಡಿ. ನಾಯಕ ದುಃಖ ಬಂದಾಗಲೆಲ್ಲ ನನ್ನೆದುರು ಬಂದು ಸುಮ್ಮನೆ ನಿಲ್ಲುತ್ತಾನೆ. ಈಗಲಾದರೂ ನಾನು ಬಾಯಿ ಹಾಕುವುದಿಲ್ಲ ಎಂಬ ಧೈರ್ಯ ಅವನಿಗೆ.

ಶಾರದಾ ಮೊದಲ ದಿನ ನೋಡಿದವಳೇ ಅತ್ತುಬಿಟ್ಟಳು. “ಮುತ್ತೈದಿ ಇದ್ದೀನ್ರಿ ನಾನು. ನನ್ನ ಕಣ್ಣ ಮುಂದ ನಿಮ್ಮ ಫೋಟೋಕ್ಕ ಹಾರ ಹಾಕ್ಸಿಕೊಂಡ್ ಬಂದೀರಲ್ಲ” ಎಂದಳು. ಇದು ಬರೀ ನಾಟಕ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಅವತ್ತಿನಿಂದ ಧಾರಾವಾಹಿ ಮುಗಿದ ಕೂಡಲೇ ನನ್ನನ್ನು ಕೂರಿಸಿ, ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿ ದೃಷ್ಟಿ ತೆಗೆಯುತ್ತಿದ್ದಳು. ಘಾಟಿಗೆ ಇಬ್ಬರೂ ಕೆಮ್ಮುತ್ತ ಊಟ ಮಾಡುತ್ತಿದ್ದೆವು.

ಸಮೀರ ನೋಡುತ್ತಿದ್ದಾನೆ ಎಂದು ಮಗಳು ಹೇಳಿದಳು. ಏನೆನ್ನುತ್ತಾನೆ ಎಂದು ಕೇಳಲು ಧೈರ್ಯ ಬರಲಿಲ್ಲ.

ಹೋದ ವಾರ ಧಾರಾವಾಹಿಯ ಕಥೆ ಹಿಂದಕ್ಕೆ ಹೋಯಿತು. ಮಗಳ ಮದುವೆಯ ನೆನಪು. ಅದಕ್ಕೆ ಜೀವಂತ ಮಾವ ಬೇಕಲ್ಲ? ನನ್ನನ್ನು ಕರೆಯಲಿಲ್ಲ. ಯಾರೋ ಸುಮ್ಮನೆ ನಿಲ್ಲಲು ಬರುವ ಮನುಷ್ಯನನ್ನು ತಂದರು. ಮುಖ ಬದಲಾದಮೇಲೆ ಫೋಟೋವೂ ಬದಲಾಗಬೇಕು. ಸಂಜೆ ಟೀವಿ ಹಚ್ಚಿದರೆ ನನ್ನ ಗೋಡೆಯ ಮೇಲೆ, ನನ್ನ ಹಾರದೊಳಗೆ, ಅವನು.

“ಪೀಡಾ ಹೋತು” ಎಂದು ಶಾರದಾ ದೇವರಿಗೆ ಕೈ ಮುಗಿದು, ಸಿಹಿಗೆಂದು ಶಿರಾ ಮಾಡಲು ಎದ್ದಳು. ನಾನು ಟೀವಿ ಆರಿಸಿದೆ. ಹಾರ ಹಾಕಿಸಿಕೊಂಡಾದರೂ ಅಲ್ಲಿ ಇದ್ದೆ. ಅಳಿಯನಿಗೆ ತೋರಿಸಲು ನನ್ನ ಬಳಿ ಇದ್ದದ್ದು ಅದೊಂದೇ ಆಗಿತ್ತು.

ಶಿರಾ ತಿನ್ನುತ್ತಿರುವಾಗ ಫೋನು ಬಂತು. ಸಮೀರ. ಅವನಾಗಿಯೇ ನನಗೆ ಫೋನು ಮಾಡಿದ್ದು ಅದೇ ಮೊದಲು. ದನಿಯಲ್ಲಿ ನಿಜವಾದ ಸಿಟ್ಟಿತ್ತು.

“ಪಪ್ಪಾ, ಇದು ಅನ್ಯಾಯ. ಆ ಹೊಸಬರಿಗೆ ಏನೂ ಬರುವುದಿಲ್ಲ. ನೀವು ಗೋಡೆಯ ಮೇಲಿದ್ದಾಗ ನಿಜವಾಗಿಯೂ ಸತ್ತವರ ಹಾಗೇ ಕಾಣುತ್ತಿದ್ದಿರಿ.”

ಇಷ್ಟು ವರ್ಷಗಳಲ್ಲಿ ನನ್ನ ಅಳಿಯ ನನ್ನ ಅಭಿನಯವನ್ನು ಹೊಗಳಿದ್ದು ಅದೊಂದೇ ಸಲ. ಕಣ್ಣೊರೆಸಿಕೊಂಡು ಥ್ಯಾಂಕ್ಸ್ ಹೇಳಿದೆ.