ಮನೆಬಸ್ಸಿನ ಉಪಚಾರ

“ಮೂರು ಸಲ ಬೇಡ ಅನ್ನು ಮಂಗಳಾ! ಒಂದಕ್ಕೆಲ್ಲ ಅದು ನಂಬಲ್ಲ!” ಎಂದು ಪಂಚಾಕ್ಷರಯ್ಯ ಕೂಗುವಷ್ಟರಲ್ಲಿ ಅವನ ಹೆಂಡತಿ ಸರ್ವಮಂಗಳಳ ತಟ್ಟೆಗೆ ನಾಲ್ಕನೆಯ ಸೌಟು ಉಪ್ಪಿಟ್ಟು ಬಿದ್ದಾಗಿತ್ತು.

ಬಡಿಸಿದ್ದು ಚಾವಣಿಯಿಂದ ಇಳಿಬಿದ್ದಿದ್ದ, ಪಂಚಾಕ್ಷರಯ್ಯನೇ ತಯಾರಿಸಿದ್ದ ಒಂದು ಉಕ್ಕಿನ ಕೈ. ಆ ಕೈ ಇದ್ದದ್ದು ಒಂದು ಬಸ್ಸಿನೊಳಗೆ. ಆ ಬಸ್ಸು ತಿಪಟೂರಿನ ಅವರ ಬಾಡಿಗೆ ಮನೆಯ ಮುಂದೆ ಅರ್ಧ ಬೀದಿಯನ್ನು ನುಂಗಿಕೊಂಡು ನಿಂತಿತ್ತು. ಹಿಂದಿನ ಯಜಮಾನ ಯಾರೋ ಸಿನಿಮಾ ನಿರ್ಮಾಪಕನಂತೆ. ಒಳಗೆ ಮಖಮಲ್ಲಿನ ಸೋಫಾ, ಮಂಚ, ಬಿಸಿನೀರಿನ ಬಚ್ಚಲು, ಗುಂಡಿ ಒತ್ತಿದರೆ ಚಾವಣಿಯಲ್ಲಿ ನಕ್ಷತ್ರ! ಬೀದಿಯವರು ಅದಕ್ಕೆ ಮನೆಬಸ್ಸು ಎಂದು ಹೆಸರಿಟ್ಟಿದ್ದರು.

ಸ್ಕೂಟರಿಗಿಂತ ದೊಡ್ಡದೇನನ್ನೂ ಕೊಂಡು ಗೊತ್ತಿಲ್ಲದ ದಂಪತಿ ಇದನ್ನು ಮನೆ ಕೊಳ್ಳುವ ಹಾಗೆಯೇ ಕೊಂಡಿದ್ದರು. ಎಂಜಿನ್ ತೆರೆದು ನೋಡಲಿಲ್ಲ, ಟೈರು ಮುಟ್ಟಿ ನೋಡಲಿಲ್ಲ. ಸರ್ವಮಂಗಳ ನಲ್ಲಿ ತಿರುಗಿಸಿ ನೀರು ಬರುತ್ತದೆಯೇ ನೋಡಿದಳು. ಪಂಚಾಕ್ಷರಯ್ಯ ದಿಕ್ಸೂಚಿ ಹಿಡಿದು, ಅಡುಗೆಮನೆ ಸರಿಯಾಗಿ ಆಗ್ನೇಯದಲ್ಲೇ ಇದೆಯೆಂದು ಖಾತ್ರಿ ಮಾಡಿಕೊಂಡ. ಊರಿಗೆ ಬರುವಾಗ ಮೊದಲ ತಿರುವಿನಲ್ಲೇ ಅದು ನೈಋತ್ಯಕ್ಕೆ ಹೋಯಿತು!

ಸರ್ವಮಂಗಳ ಈ ವ್ಯಾಪಾರಕ್ಕೆ ಒಪ್ಪಿದ್ದಕ್ಕೆ ಬೇರೆಯೇ ಕಾರಣವಿತ್ತು. ಒಂಬತ್ತು ವರ್ಷಗಳ ಹಿಂದೆ ಹಿರಿಯೂರಿನಲ್ಲಿ ಅಕ್ಕ ದಾಕ್ಷಾಯಿಣಿಯ ಗೃಹಪ್ರವೇಶ. ಪಂಕ್ತಿಯಲ್ಲಿ ಅಕ್ಕನೇ ಹೋಳಿಗೆ ತಂದಳು. “ಇನ್ನೊಂದು?” ಎಂದಳು. ಸರ್ವಮಂಗಳ ಎಲ್ಲರಂತೆ ಸಂಕೋಚಕ್ಕೆ “ಬೇಡಕ್ಕ” ಎಂದಳು. ಅಕ್ಕ ಎರಡನೆಯ ಸಲ ಕೇಳದೆ ಮುಂದಿನ ಎಲೆಗೆ ಹೋಗಿಬಿಟ್ಟಳು! ಒಡಹುಟ್ಟಿದವಳಿಗೆ ಒಂದು ಒತ್ತಾಯವೂ ಇಲ್ಲವೇ? ಅಂದೇ ಸರ್ವಮಂಗಳ, ಇನ್ನು ಆ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದಳು. ಅಕ್ಕನೂ ಅದನ್ನೇ ಎಂದಳು. ಆಮೇಲೆ ಇಬ್ಬರೂ ಏನೂ ಎನ್ನಲಿಲ್ಲ. ಫೋನು ಬಂದಾಗಲೆಲ್ಲ ಸರ್ವಮಂಗಳ ಮೊದಲು ಹೆಸರು ನೋಡುತ್ತಿದ್ದಳು. ಅಕ್ಕನದಲ್ಲ ಎಂದು ಗೊತ್ತಾದ ಮೇಲೆ ಎತ್ತುತ್ತಿದ್ದಳು. ಒಂಬತ್ತು ವರ್ಷ ಹಾಗೇ ನಡೆಯಿತು.

ಈಗ ಅಕ್ಕನ ಮಗಳ ಮದುವೆ. ಎತ್ತಿ ಆಡಿಸಿದ ಕೂಸು. ಲಗ್ನಪತ್ರಿಕೆ ಅಂಚೆಯಲ್ಲಿ ಬಂದಿತ್ತು, ಕೈಬರಹದ ಒಂದು ಅಕ್ಷರವೂ ಇಲ್ಲದೆ. ಹೋಗದೆ ಇರಲಾರಳು, ಹೊಸ್ತಿಲು ದಾಟಲಾರಳು. ಮನೆಯನ್ನೇ ಕೊಂಡೊಯ್ದು ಅಕ್ಕನ ಬೀದಿಯಲ್ಲಿ ನಿಲ್ಲಿಸಿದರೆ? ತನ್ನ ಮನೆಯಲ್ಲೇ ಕೂತು ಕಿಟಕಿಯಿಂದ ಅಕ್ಷತೆ ಹಾಕಬಹುದಲ್ಲ!

“ನಿಮ್ಮಕ್ಕ ಮಾಡಿದ ತಪ್ಪು ನನ್ನ ಯಂತ್ರ ಮಾಡಲ್ಲ ಕಣೇ,” ಎಂದ ಪಂಚಾಕ್ಷರಯ್ಯ, ಉಕ್ಕಿನ ಕೈಯನ್ನು ಆಡಿಸುವ, ಚಾಲಕನ ಸೀಟಿನ ಪಕ್ಕದ ತಗಡಿನ ಪೆಟ್ಟಿಗೆಯನ್ನು ತಟ್ಟುತ್ತಾ. “ಮೂವತ್ತೆರಡು ಮದುವೆ ಊಟದ ವಿಡಿಯೋ ನೋಡಿ ಕಲಿತಿದೆ. ಮೊದಲನೇ ಬೇಡ ಸಂಕೋಚಕ್ಕೆ. ಎರಡನೇದು ಮರ್ಯಾದೆಗೆ. ಮೂರನೇ ಸಲ ಬೇಡ ಅಂದು, ಎರಡೂ ಕೈ ಎಲೆ ಮೇಲೆ ಅಡ್ಡ ಹಿಡೀತಾರಲ್ಲ, ಅದೊಂದೇ ನಿಜವಾದ ಬೇಡ!”

“ಬಡಿಸೋ ಯಂತ್ರಕ್ಕೂ ಬ್ರೇಕಿಗೂ ಯಾಕ್ರೀ ತಂತಿ ಎಳೆದಿದ್ದೀರಿ?”

“ಎಂಜಿನ್ನಿಗೂ ಎಳೆದಿದ್ದೀನಿ. ಎಲೆ ಮುಂದೆ ಕೂತ ಅತಿಥಿಗಳಿಗೆ ಜೋಲಿ ಹೊಡೆಯಬಾರದಲ್ಲ!”

ಮದುವೆಯ ಹಿಂದಿನ ದಿನ ಬೆಳಿಗ್ಗೆ ಹೊರಟರು. ಊರು ದಾಟುವ ತನಕ ಸುಖವಾಗಿತ್ತು. ಹುಳಿಯಾರು ರಸ್ತೆಯಲ್ಲಿ ಒಂದು ಎಮ್ಮೆ ಅಡ್ಡ ಬಂತು. ಪಂಚಾಕ್ಷರಯ್ಯ ಬ್ರೇಕು ತುಳಿದ.

“ಸಂಕೋಚ ಪಡಬೇಡಿ,” ಎಂದಿತು ಪೆಟ್ಟಿಗೆ, ಜೇನಿನಂಥ ದನಿಯಲ್ಲಿ. “ಇನ್ನೊಂದು ಸ್ವಲ್ಪ ದೂರ!”

“ಅಯ್ಯೋ, ಬೇಡ!” ಎಂದು ಮತ್ತೆ ತುಳಿದ.

“ನಮ್ಮ ತೃಪ್ತಿಗೋಸ್ಕರ, ಇನ್ನು ಸ್ವಲ್ಪ!” ಬಸ್ಸು ಮತ್ತಷ್ಟು ಜೋರಾಯಿತು!

“ಕೈ ಅಡ್ಡ ಹಿಡೀರಿ! ಎರಡೂ ಕೈ!” ಸರ್ವಮಂಗಳ ಚೀರಿದಳು.

“ಸ್ಟೇರಿಂಗ್ ಯಾರು ನಿಮ್ಮಪ್ಪ ಹಿಡೀತಾರಾ?”

ಕೊನೆಗೆ ಪಂಚಾಕ್ಷರಯ್ಯ ಸ್ಟೇರಿಂಗ್ ಬಿಟ್ಟು, ಇಲ್ಲದ ಎಲೆಯ ಮೇಲೆ ಎರಡೂ ಅಂಗೈ ಚಾಚಿ ಬಾಗಿ, “ಬೇಡಪ್ಪಾ ಬೇಡ!” ಎಂದ. ಬಸ್ಸು ತಟ್ಟನೆ ನಿಂತಿತು. ಎಮ್ಮೆ ಒಳಗೆ ಇಣುಕಿತು. ಉಕ್ಕಿನ ಕೈ ಕಿಟಕಿಯಿಂದ ಹೊರಚಾಚಿ ಅದಕ್ಕೆ ಎರಡು ದೋಸೆ ಕೊಟ್ಟಿತು. ಎಮ್ಮೆಗೆ ಸಂಕೋಚವೆಂಬುದು ಗೊತ್ತಿರಲಿಲ್ಲ. ಮಧ್ಯಾಹ್ನಕ್ಕೆಂದು ಕಟ್ಟಿಕೊಂಡಿದ್ದ ಹದಿನಾಲ್ಕು ದೋಸೆಯನ್ನೂ ತಿಂದಿತು.

ಅಲ್ಲಿಂದ ಮುಂದೆ ಪ್ರತಿ ರಸ್ತೆಯುಬ್ಬಿಗೂ ಪಂಚಾಕ್ಷರಯ್ಯ ಕೈ ಚಾಚಿ ಬಾಗುತ್ತಾ, ಸರ್ವಮಂಗಳ ಪಕ್ಕದಿಂದ ಸ್ಟೇರಿಂಗ್ ಹಿಡಿಯುತ್ತಾ ಹಿರಿಯೂರು ಸೇರಿದರು. ಎದುರು ಬಂದವರು, ಯಾರೋ ಭಕ್ತರು ಎಂದುಕೊಂಡು ಕೈಮುಗಿದರು.

ಬಸ್ಸು ಅಕ್ಕನ ಗೇಟಿನೆದುರು ನಿಂತಾಗ ಚಪ್ಪರಕ್ಕೆ ಮಾವಿನ ತೋರಣ ಕಟ್ಟುತ್ತಿದ್ದರು. ಸರ್ವಮಂಗಳ ಪರದೆ ಸರಿಸಿ ನೋಡಿದಳು. ಅಕ್ಕನ ತಲೆ ಪೂರ್ತಿ ಬೆಳ್ಳಗಾಗಿತ್ತು. ಇದನ್ನು ಅವಳಿಗೆ ಯಾರೂ ಹೇಳಿರಲಿಲ್ಲ.

ದಾಕ್ಷಾಯಿಣಿ ಅರಿಶಿನದ ದೊಡ್ಡ ಹರಿವಾಣವನ್ನು ಎರಡೂ ಕೈಯಲ್ಲಿ ಹಿಡಿದೇ ಹೊರಬಂದಳು. “ಯಾರ್ರೀ ಇದು? ಪಾತ್ರೆ ಲಾರಿ ಬರ್ಬೇಕು, ತೆಗೀರಿ ಪಕ್ಕಕ್ಕೆ!”

ಬಾಗಿಲು ತಾನಾಗಿ ತೆರೆಯಿತು. “ಬನ್ನಿ ಬನ್ನಿ, ಒಳಗೆ ಬನ್ನಿ!”

ಒಳಗೆ ತಂಗಿ ಕಂಡಳು. ದಾಕ್ಷಾಯಿಣಿಯ ಮುಖ ಬಿಗಿಯಿತು. “ಬೇಡ.”

“ಸಂಕೋಚ ಪಡಬೇಡಿ!” ಮೆಟ್ಟಿಲು ಅವಳ ಕಾಲಬುಡಕ್ಕೇ ಚಾಚಿ ಬಂತು.

“ಬೇಡ ಅಂದೆನಲ್ಲ!” ಮೆಟ್ಟಿಲು ಅವಳನ್ನು ಎತ್ತಿಕೊಂಡಿತು.

“ಬೇಡ! ಬೇಡ! ಬೇಡಾ!”

“ಕೈ ಅಡ್ಡ ಹಿಡೀರಿ ಅತ್ತಿಗೇ!” ಎಂದು ಪಂಚಾಕ್ಷರಯ್ಯ ಅರಚಿದ. ಕೈಯಲ್ಲಿ ಹರಿವಾಣವಿತ್ತು. ಬಾಗಿಲು ಮುಚ್ಚಿಕೊಂಡಿತು.

ಸೋಫಾದ ಮೇಲೆ ಅಕ್ಕತಂಗಿಯರು ಎದುರುಬದುರು ಕೂತರು. ಉಕ್ಕಿನ ಕೈ ಎಲೆ ಹಾಕಿತು, ಕಾಯಿ ಹೋಳಿಗೆ ಇಟ್ಟಿತು, ಒಂದೊಂದು ಚಮಚ ತುಪ್ಪ ಹಾಕಿತು. ಯಾರೂ ಮುಟ್ಟಲಿಲ್ಲ. ಯಾರೂ ಮಾತಾಡಲಿಲ್ಲ. ಯಂತ್ರಕ್ಕೆ ಮೌನ ಕಲಿಸಿರಲಿಲ್ಲವಾದ್ದರಿಂದ ಅದೂ ಏನು ಮಾಡಬೇಕೆಂದು ತಿಳಿಯದೆ ತುಪ್ಪದ ಚಮಚ ಎತ್ತಿ ಹಿಡಿದುಕೊಂಡೇ ನಿಂತಿತು. ಪಂಚಾಕ್ಷರಯ್ಯ ಮೆಲ್ಲಗೆ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡ.

ದಾಕ್ಷಾಯಿಣಿ ಎಲೆ ನೋಡುತ್ತಲೇ ಹೇಳಿದಳು: “ಅವತ್ತು ಬುಟ್ಟೀಲಿ ಉಳಿದಿದ್ದು ನಾಲ್ಕೇ ಹೋಳಿಗೆ.”

ಸರ್ವಮಂಗಳ ತಲೆಯೆತ್ತಿದಳು.

“ನಿನ್ನಿಂದಾಚೆ ನಮ್ಮ ಯಜಮಾನರ ಕಡೆಯವರು ಹನ್ನೊಂದು ಜನ ಕೂತಿದ್ರು. ನೀನು ಬೇಡ ಅಂದಾಗ ಜೀವ ಬಂದಂಗಾಯ್ತು. ನನ್ನ ಮುಖ ನೋಡೇ ಅಂದಿದೀಯ ಅಂದ್ಕೊಂಡೆ.”

“ಹೇಳ್ಬಾರ್ದಿತ್ತಾ?”

“ಪಂಕ್ತೀಲಿ ನಿಂತು ಕೂಗ್ಲೇನೇ, ಹೋಳಿಗೆ ಮುಗೀತು ಅಂತ?”

“ಆಮೇಲೆ?”

“ಆಮೇಲೆ ನೀನು ಚಪ್ಪಲಿ ಹಾಕ್ಕೊಂಡಿದ್ದೆ.”

ಸರ್ವಮಂಗಳಳಿಗೆ ನಗು ಬಂತೋ ಅಳು ಬಂತೋ, ತಿಳಿಯಲಿಲ್ಲ. ಹೋಳಿಗೆಯನ್ನು ಮುರಿದು ಅಕ್ಕನತ್ತ ಚಾಚಿದಳು. ಅಕ್ಕ ಬೇಡ ಎನ್ನಲಿಲ್ಲ. ಇಬ್ಬರೂ ಉಂಡರು. ಯಂತ್ರ ಆರಾರು ಹೋಳಿಗೆ ಬಡಿಸಿದ ಮೇಲೆ, ಹರಿವಾಣ ಕೆಳಗಿಟ್ಟಿದ್ದ ದಾಕ್ಷಾಯಿಣಿ ಎರಡೂ ಕೈ ಅಡ್ಡ ಹಿಡಿದು ಮೂರು ಸಲ ಬೇಡ ಎಂದಳು. ಬಾಗಿಲು ತೆರೆಯಿತು. ಅವಳು ಹರಿವಾಣ ಎತ್ತಿಕೊಂಡು ಇಳಿದು ಮನೆಯತ್ತ ನಡೆದಳು.

ಬಸ್ಸೂ ಹಿಂದೆಯೇ ಹೊರಟಿತು!

“ರೀ! ಇದು ಅಕ್ಕನ ಹಿಂದೆ ಹೋಗ್ತಿದೆ!”

ಬಚ್ಚಲಿನ ಬಾಗಿಲು ಕೊಂಚ ತೆರೆಯಿತು. “ಅತಿಥೀನ ಬಾಗಿಲ ತನಕ ಹೋಗಿ ಕಳಿಸಿ ಬರ್ಬೇಕು ಅಂತ ಕಲಿಸಿದ್ದೆ ಕಣೇ. ಯಾರ ಮನೆ ಬಾಗಿಲು ಅಂತ ಹೇಳೋದು ಮರೆತುಬಿಟ್ಟೆ!”

ಅತಿಥಿ ನಡೆದಷ್ಟೇ ನಿಧಾನವಾಗಿ, ಬಹಳ ವಿನಯದಿಂದ, ಬಸ್ಸು ಗೇಟನ್ನು ಮಡಚಿತು. ಚಪ್ಪರವನ್ನು ತಲೆಯ ಮೇಲೆ ಹೊತ್ತಿತು. ತೋರಣ ಕಟ್ಟುತ್ತಿದ್ದವನು ಬಸ್ಸಿನ ಮೇಲೇ ಕೂತು ಒಂದಿಷ್ಟು ದೂರ ಬಂದ. ಹಿಂದಿರುಗಿ ನೋಡಿದ ದಾಕ್ಷಾಯಿಣಿ ಗಾಬರಿಯಲ್ಲಿ ಒಳಗೋಡಿದಳು. ಬಸ್ಸೂ ಅವಸರವಸರವಾಗಿ ಬಾಗಿಲು, ಚೌಕಟ್ಟು, ಹೊಸ್ತಿಲು ಎಲ್ಲವನ್ನೂ ಪುಡಿಗೈದು, ಮೂತಿಯನ್ನು ನಡುಮನೆಯೊಳಗಿಟ್ಟು, “ಹೋಗಿಬನ್ನಿ!” ಎಂದು ನಿಂತಿತು. ಸರ್ವಮಂಗಳ ಬಸ್ಸಿನಿಂದ ನೇರ ಅಕ್ಕನ ನಡುಮನೆಗೆ ಇಳಿದಳು. ಯಾವ ಶಪಥವೂ ಮುರಿಯಲಿಲ್ಲ. ಮುರಿದದ್ದು ಹೊಸ್ತಿಲು ಮಾತ್ರ. ಮದುಮಗಳು ಓಡಿಬಂದು ಚಿಕ್ಕಮ್ಮನ ಕುತ್ತಿಗೆಗೆ ಜೋತುಬಿದ್ದಳು.

ಹಿಂದಕ್ಕೆ ಹೋಗುವುದನ್ನು ಪಂಚಾಕ್ಷರಯ್ಯ ಅದಕ್ಕೆ ಕಲಿಸಿರಲಿಲ್ಲ. ಹಾಗಾಗಿ ಮರುದಿನ ಮದುವೆ ಬಸ್ಸಿನ ಮೂತಿಯ ಮುಂದೆಯೇ ನಡೆಯಿತು. ಅದರ ಎರಡೂ ದೀಪದ ಕಣ್ಣಿಗೆ ಕುಂಕುಮವಿಟ್ಟಿದ್ದರು. ಪ್ರತಿಯೊಂದು ಫೋಟೋದಲ್ಲೂ ಅದು ಹೆಣ್ಣಿನ ಕಡೆ ನಿಂತಿದೆ.

ಗಂಡಿನ ಸೋದರಮಾವ ಬಹಳ ಹೊತ್ತು ತಡೆದುಕೊಂಡು ಕೊನೆಗೆ ಕೇಳಿಯೇಬಿಟ್ಟರು: “ಅಲ್ಲ ತಾಯಿ, ಇದು ಏನು?”

“ನಮ್ಮ ತಂಗಿ ಮನೆ,” ಎಂದಳು ದಾಕ್ಷಾಯಿಣಿ. “ಒಂಬತ್ತು ವರ್ಷ ಬರ್ಲೇ ಇಲ್ಲ, ಈಗ ಹೋಗು ಅಂದ್ರೂ ಹೋಗಲ್ಲ.”