ಗಡ್ಡ ಅಂಟಿಸಿಕೊಂಡು ಬಂದ ಮಾಲೀಕರ ಕುರಿತು

ತ್ರಿಶಾಖಾ ಉಪಾಹಾರ ಗೃಹಗಳು
(ಉಮರ್ಗಾ – ನಿಲಂಗಾ – ಉದಗೀರ)
ಆಡಳಿತ ವಿಭಾಗ, ಉಮರ್ಗಾ

ಸುತ್ತೋಲೆ ಸಂಖ್ಯೆ: ತ್ರಿಉಗೃ/ಆಡಳಿತ/ವೇಷ/೧

ವಿಷಯ: ಹಿರಿಯ ಅಧಿಕಾರಿಗಳು ಟಿವಿ ಕಾರ್ಯಕ್ರಮದ ಸಲುವಾಗಿ ಗುರುತು ಮರೆಸಿಕೊಂಡು ಸಿಬ್ಬಂದಿಯ ಜೊತೆ ಕೆಲಸ ಮಾಡುವುದು ಹಾಗೂ ಕೆಲಸದಿಂದ ತೆಗೆಯಲ್ಪಡುವುದು – ನಿಯಮಗಳ ಬಗ್ಗೆ.

ಉಲ್ಲೇಖ: ೧) ಉಮರ್ಗಾ ಶಾಖೆಯ ಅಡುಗೆಮನೆಯಲ್ಲಿ ನಡೆದ ಘಟನೆ.
೨) ಅದರ ಬಗ್ಗೆ ಉದಗೀರ ಶಾಖೆಯಲ್ಲಿ ನಡೆಯುತ್ತಿರುವ ಮಾತು.
೩) ಆ ಮಾತಿಗೆ ನಿಲಂಗಾ ಶಾಖೆಯವರು ಸೇರಿಸಿದ್ದು.

ಪ್ರಸ್ತಾವನೆ:

ಮೇಲ್ಕಂಡ ವಿಷಯದಲ್ಲಿ ಮೂರೂ ಶಾಖೆಗಳಲ್ಲಿ ಮೂರು ಬಗೆಯ ಕಥೆಗಳು ಓಡಾಡುತ್ತಿರುವುದು ಆಡಳಿತದ ಗಮನಕ್ಕೆ ಬಂದಿರುತ್ತದೆ. ಮಲಕಮ್ಮನವರು ಮಾಲೀಕರನ್ನು ಲಟ್ಟಣಿಗೆಯಿಂದ ಹೊಡೆದರು ಎಂಬುದು ಸುಳ್ಳು. ಜೋಳದ ರೊಟ್ಟಿಯನ್ನು ಕೈಯಿಂದ ಬಡಿಯಲಾಗುತ್ತದೆ. ಆ ಜಾಗದಲ್ಲಿ ಲಟ್ಟಣಿಗೆಯೇ ಇರುವುದಿಲ್ಲ. ಆದ್ದರಿಂದ ನಡೆದದ್ದನ್ನು ನಡೆದಂತೆ ತಿಳಿಸಿ, ಆ ಮೇಲೆ ನಿಯಮಗಳನ್ನು ಈ ಮೂಲಕ ಹೊರಡಿಸಲಾಗಿದೆ.

ಹಿನ್ನೆಲೆ:

ಮಲಕಮ್ಮನವರು ಉಮರ್ಗಾ ಶಾಖೆಯ ರೊಟ್ಟಿ ವಿಭಾಗದ ಮುಖ್ಯಸ್ಥರು. ಬೀರಪ್ಪನ ಒಕ್ಕಲು, ಕುರಿ ಕಾಯುವ ಮನೆತನ. ಹೊಲದ ಆ ತುದಿಯಲ್ಲಿರುವ ಕುರಿಯನ್ನು ಈ ತುದಿಯಿಂದ ಕರೆದು ಬೆಳೆದ ದನಿ ಅವರದು. ಹೆದ್ದಾರಿಯ ಲಾರಿಗಳ ಸದ್ದಿನಲ್ಲೂ ಅಡುಗೆಮನೆಯಲ್ಲಿ ಅವರು ಹೇಳಿದ್ದು ಕೇಳಿಸುತ್ತದೆ. ಅಡುಗೆಮನೆಗೆ ಹೊಸಬರನ್ನು ಇಟ್ಟುಕೊಳ್ಳುವ, ಬಿಡುವ ಅಧಿಕಾರವನ್ನು ಅವರಿಗೆ ಕೊಟ್ಟವರು ಸಂಸ್ಥೆಯ ಮಾಲೀಕರಾದ ಶ್ರೀ ಋಷಿಕೇಶ ಅವರೇ. ಆದರೆ ಮಲಕಮ್ಮ ಮಾಲೀಕರನ್ನು ಕಂಡದ್ದು ದೀಪಾವಳಿಯ ಪೂಜೆಗಳಲ್ಲಿ ಮಾತ್ರ, ಅದೂ ಬೆನ್ನ ಕಡೆಯಿಂದ.

ಪುಣೆಯ ಒಂದು ಟಿವಿ ವಾಹಿನಿಯವರು ಋಷಿಕೇಶ ಅವರನ್ನು ಒಂದು ಕಾರ್ಯಕ್ರಮಕ್ಕೆ ಕೇಳಿಕೊಂಡರು. ಮಾಲೀಕ ವೇಷ ಮರೆಸಿಕೊಂಡು ತನ್ನದೇ ಕೆಲಸಗಾರರ ನಡುವೆ ದುಡಿಯುವುದು, ಅವರ ಕಷ್ಟ ಕೇಳುವುದು, ಕೊನೆಗೆ ವೇಷ ಕಳಚಿ ಉಡುಗೊರೆ ಕೊಡುವುದು, ಎಲ್ಲರೂ ಅಳುವುದು. ಇಷ್ಟೇ ಕಾರ್ಯಕ್ರಮ. ಋಷಿಕೇಶ ಒಪ್ಪಿಕೊಂಡರು. ಅವರಿಗೆ ಧನರಾಜ ಎಂದು ಹೆಸರಿಡಲಾಯಿತು. ದಟ್ಟವಾದ ಗಡ್ಡ ಅಂಟಿಸಲಾಯಿತು. ಹರಕು ಅಂಗಿಯನ್ನು ವಾಹಿನಿಯವರೇ ತಂದಿದ್ದರು. ಅದಕ್ಕೆ ಇಸ್ತ್ರಿ ಹಾಕಲಾಗಿತ್ತು. ಕ್ಯಾಮೆರಾ ಯಾಕೆಂದು ಕೇಳಿದವರಿಗೆ, ಜೋಳದ ರೊಟ್ಟಿಯ ಬಗ್ಗೆ ಚಿತ್ರ ತೆಗೆಯುತ್ತಿದ್ದಾರೆ ಎನ್ನಲಾಯಿತು. ನಿಜ ಗೊತ್ತಿದ್ದದ್ದು ಶಾಖೆಯ ಮ್ಯಾನೇಜರ್ ಸಂಜುಕುಮಾರ ಅವರೊಬ್ಬರಿಗೆ. ಅವರು ಆ ದಿನಗಳಲ್ಲಿ ಊಟ ಸರಿಯಾಗಿ ಮಾಡಲಿಲ್ಲ.

ಮಲಕಮ್ಮನಿಗೆ ಹೊಸ ಹುಡುಗ ಹಿಡಿಸಿದ್ದ ಎಂಬುದನ್ನು ಇಲ್ಲಿ ದಾಖಲಿಸುವುದು ಅಗತ್ಯ. ಹೇಳಿದ್ದನ್ನು ಮಾಡುತ್ತಿದ್ದ. ಎದುರು ಮಾತಾಡುತ್ತಿರಲಿಲ್ಲ. ಸುಟ್ಟ ರೊಟ್ಟಿಯನ್ನು ತಾನೇ ತಿಂದು ಮುಗಿಸುತ್ತಿದ್ದ. ಅವನದು ಒಂದೇ ಚಟ: ಸಿಕ್ಕಸಿಕ್ಕವರ ದುಃಖ ಕೇಳುವುದು.

"ಮಾವಶಿ, ನಿಮಗ ಏನಾರ ತ್ರಾಸ ಅದ ಏನು?" ಎಂದು, ಚಿಕ್ಕಮ್ಮನನ್ನು ಕೇಳುವಂತೆ, ಅವಳನ್ನೂ ಕೇಳಿದ.

"ಅದ," ಎಂದಳು ಮಲಕಮ್ಮ. "ನೀ ಬೆಳಕಿಗಿ ಅಡ್ಡ ನಿಂತೀದಿ."

ವಾಹಿನಿಯ ನಿರ್ದೇಶಕಿ ಪ್ರಣಿತಾ ಅವರಿಗೆ ಇದರಿಂದ ಸಮಾಧಾನವಾಗಲಿಲ್ಲ. ಮಾರನೆಯ ದಿನ ಕ್ಯಾಮೆರಾ ಪಾತ್ರೆ ತೊಳೆಯುವ ಕಟ್ಟೆಯ ಕಡೆ ತಿರುಗಿತು. ಅಲ್ಲಿ ಕೆಲಸ ಮಾಡುವವರು ಕಾಸಾರಶಿರಸಿಯಿಂದ ಬಸ್ಸಿಗೆ ಬರುವ ಕಸ್ತೂರಬಾಯಿಯವರು. ಅವರ ಮಗ ಇದೇ ಹೆದ್ದಾರಿಯಲ್ಲಿ ಮೋಟಾರು ಸೈಕಲ್ ಅಪಘಾತದಲ್ಲಿ ತೀರಿಕೊಂಡಿದ್ದು ಅಡುಗೆಮನೆಯಲ್ಲಿ ಎಲ್ಲರಿಗೂ ಗೊತ್ತು. ಯಾರೂ ಅದನ್ನು ಎತ್ತುವುದಿಲ್ಲ. ಅವರು ಬಂದ ಕೂಡಲೇ ಮಲಕಮ್ಮ ಹೊಸ ಸೀರೆ, ಹಳೆ ಸೊಸೆ, ಬಸ್ಸಿನ ಕಂಡಕ್ಟರನ ಸೊಕ್ಕು ಹೀಗೆ ಏನಾದರೊಂದು ಮಾತು ತೆಗೆದು ಅವರ ಮನಸ್ಸನ್ನು ಆ ಕಡೆ ಹೋಗಗೊಡುತ್ತಿರಲಿಲ್ಲ.

ಧನರಾಜ ಕಟ್ಟೆಯ ಪಕ್ಕ ಕೂತು ಮೆಲ್ಲಗೆ ಕೇಳಿದ. ಕಸ್ತೂರಬಾಯಿ ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಹೇಳಿದರು. ಏನು ಹೇಳಿದರು ಎಂಬುದನ್ನು ಇಲ್ಲಿ ಬರೆದಿರುವುದಿಲ್ಲ. ಹೇಳುತ್ತ ಹೇಳುತ್ತ ಅವರ ಕೈಯಲ್ಲಿದ್ದ ತಾಟು ನೀರಿಗೆ ಬಿತ್ತು, ಅವರು ಸೆರಗು ಬಾಯಿಗೆ ಒತ್ತಿಕೊಂಡರು. ಅಷ್ಟರಲ್ಲಿ ಹೊರಗೆ ಹೈದರಾಬಾದ್ ಬಸ್ಸು ಹಾರ್ನ್ ಹೊಡೆಯಿತು.

ಪ್ರಣಿತಾ ಕೈ ಎತ್ತಿದರು. "ಪುನ್ಹಾ ಏಕದಾ," ಅಂದರು; ಸದ್ದು ಕೆಟ್ಟಿತು, ಇನ್ನೊಂದು ಸಲ ಹೇಳಿಸಬೇಕು.

ಧನರಾಜ ಹಿಂಜರಿದ. ಅವನು ಹಿಂಜರಿದದ್ದನ್ನು ಮಲಕಮ್ಮ ಒಲೆಯ ಹತ್ತಿರದಿಂದ ನೋಡಿದಳು. ಅದನ್ನು ಅವನ ಪರವಾಗಿ ಆಮೇಲೆ ಆಕೆಯೇ ಹೇಳಿರುತ್ತಾಳೆ. ಆದರೂ ಅವನು ಕೇಳಿದ.

"ಮಾವಶಿ, ಆ ಸುದ್ದಿ ನಿಮಗ ಯಾರು ಹೇಳಿದ್ರು?"

ಮಲಕಮ್ಮ ಹಿಟ್ಟಿನ ಕೈ ಝಾಡಿಸಿಕೊಂಡು ಎದ್ದು ಬಂದಳು. ಅವನ ಹೆಗಲ ಮೇಲಿದ್ದ ಸಂಸ್ಥೆಯ ಟವೆಲು ಎಳೆದುಕೊಂಡಳು.

"ಏಳು ತಮ್ಮಾ. ಮನಿಗಿ ಹೋಗು. ನಾಳಿಂದ ಬರಬ್ಯಾಡ."

"ಯಾಕ ಮಾವಶಿ? ನಾ ಏನ್ ಮಾಡೀನಿ?"

"ಒಮ್ಮೆ ಕೇಳಿದಿ, ತಿಳೀಲಾರದ ಕೇಳ್ಯಾನ ಅಂದೆ. ಆಕಿ ಅಳೋದು ನೋಡಿ ಮತ್ತ ಕೇಳಿದಿ. ಮಂದಿನ್ನ ಅಳಸೋ ಕೆಲಸ ಈ ಅಡಗಿಮನ್ಯಾಗ ಇಲ್ಲ."

ಧನರಾಜ ಹಿಂಬಾಗಿಲಿನಿಂದ ಹೊರಗೆ ಹೋಗಿ ನೀರಿನ ಟಾಕಿಯ ಪಕ್ಕ ನಿಂತ. ಬೆವರಿಗೆ ಗಡ್ಡದ ಒಂದು ಮಗ್ಗುಲು ಬಿಟ್ಟುಕೊಂಡಿತ್ತು. ಸಂಜುಕುಮಾರ ಓಡಿಬಂದರು.

"ಮಲಕಮ್ಮಾ, ಅಂವಾ ಯಾರು ಗೊತ್ತದೇನು? ನಮ್ಮ ಸಾಹೇಬ್ರು. ಮಾಲಕರು."

ಮಲಕಮ್ಮನ ಮಗಳು ಕಾಜಲ ಉದಗೀರದಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಆ ಓದು ಈ ಒಲೆಯ ಮೇಲೆ ನಿಂತಿತ್ತು. ಒಂದು ಮಾತು, ತಪ್ಪಾಯಿತು ಅಂದಿದ್ದರೆ ಮುಗಿಯುತ್ತಿತ್ತು. ಅದು ಗಂಟಲ ತನಕ ಬಂದಿತ್ತು ಎಂದೂ ಆಕೆ ಒಪ್ಪಿಕೊಂಡಿರುತ್ತಾಳೆ. ಆದರೆ ಕಟ್ಟೆಯ ಹತ್ತಿರ ಕಸ್ತೂರಬಾಯಿ ಇನ್ನೂ ಸೆರಗು ತೆಗೆದಿರಲಿಲ್ಲ. ಮಲಕಮ್ಮ ಹೆಂಚಿನ ಮೇಲಿನ ರೊಟ್ಟಿಯನ್ನು ಮಗುಚಿ ಹಾಕಿದಳು.

"ಸಾಹೇಬ್ರಾಗಿದ್ರ ನನ್ನ ತೆಗೀಲಿ. ಧನರಾಜನ್ನ ನಾ ತೆಗದೀನಿ. ಎರಡೂ ಬ್ಯಾರೆ ಬ್ಯಾರೆ."

ಪ್ರಣಿತಾ ಅವರಿಗೆ ಇದು ಬಹಳ ಸೇರಿತು. ಹೊಗೆಯಲ್ಲಿ ಮುಖ ಕಾಣಲಿಲ್ಲವಾದ್ದರಿಂದ, ಕೆಲಸದಿಂದ ತೆಗೆಯುವುದನ್ನು ಇನ್ನೊಮ್ಮೆ, ಸ್ವಲ್ಪ ಹೆಚ್ಚು ಸಿಟ್ಟಿನಿಂದ ಮಾಡಿ ತೋರಿಸಬೇಕೆಂದು ಕೇಳಿದರು.

"ತೆಗದಿದ್ದಕ್ಕ ಅಂವಾ ಹೋದ," ಎಂದಳು ಮಲಕಮ್ಮ. "ಮತ್ತ ತೆಗೀಲಾಕ ಎಲ್ಲಿದ್ದಾನ?"

ಮರುದಿನ ಕಸ್ತೂರಬಾಯಿ ಕೆಲಸಕ್ಕೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಮಲಕಮ್ಮ ರಜೆ ಹಾಕಿ ಕಾಸಾರಶಿರಸಿಗೆ ಹೋದಳು. ಮನೆಯ ಕಟ್ಟೆಯ ಮೇಲೆ ಋಷಿಕೇಶ ಆಗಲೇ ಬಂದು ಕೂತಿದ್ದರು. ಕ್ಯಾಮೆರಾ ಇರಲಿಲ್ಲ, ಗಡ್ಡವೂ ಇರಲಿಲ್ಲ. ಕಸ್ತೂರಬಾಯಿಗೆ ಇವರು ಯಾರೆಂದೇ ತಿಳಿದಿರಲಿಲ್ಲ. ಯಾರೋ ಸರ್ಕಾರದ ಮನುಷ್ಯ ಎಂದು ಚಹಾ ಕೊಟ್ಟಿದ್ದರು.

"ನಾನೇ ಧನರಾಜ, ಮಾವಶಿ," ಎಂದರು ಋಷಿಕೇಶ.

"ಹಂಗಾದ್ರ ಆ ದಾಡಿ?"

"ಅಂಟಿಸಿದ್ದು."

ಕಸ್ತೂರಬಾಯಿ ಆಮೇಲೆ ಹೇಳಿದ ಮಾತನ್ನು ಅವರ ಒಪ್ಪಿಗೆ ಪಡೆದೇ ಇಲ್ಲಿ ದಾಖಲಿಸಲಾಗಿದೆ.

"ನನ್ನ ಮಗಂದೂ ಹಂಗೇ ದಾಡಿ ಇತ್ತು. ಅದಕ್ಕಽ ನಿನಗ ಹೇಳಿದ್ದೆ. ಮತ್ಯಾರಿಗೂ ಹೇಳಿದ್ದಿಲ್ಲ."

ಮಾಲೀಕರು ಕಪ್ಪನ್ನು ಕಟ್ಟೆಯ ಮೇಲಿಟ್ಟು ತಲೆ ತಗ್ಗಿಸಿದರು. ಅವರ ಚಹಾ ಆರಿತು. ಮಲಕಮ್ಮನಿಗೆ ಒಂದು ಗಳಿಗೆ ಅವರ ಬೆನ್ನ ಮೇಲೆ ಕೈ ಇಡಬೇಕು ಅನ್ನಿಸಿತು, ಆದರೆ ಇಡಲಿಲ್ಲ. ಕಡೆಗೆ ಕಸ್ತೂರಬಾಯಿಯೇ, "ಅದನ್ನ ಟಿವ್ಯಾಗ ಹಾಕಬ್ಯಾಡ್ರಿ," ಅಂದರು.

"ಹಾಕಂಗಿಲ್ಲ," ಎಂದರು ಋಷಿಕೇಶ.

ಹಾಗೆಯೇ ನಡೆದಿದೆ. ಕಸ್ತೂರಬಾಯಿಯವರನ್ನು ಅಳಿಸಿದ ದೃಶ್ಯವನ್ನು ಪೂರ್ತಿಯಾಗಿ ಅಳಿಸಲಾಗಿದೆ. (ಮರಾಠಿ ಪ್ರತಿ ಸಿದ್ಧಪಡಿಸುವವರು, ಮೊದಲನೆಯ 'ಅಳಿಸು' ಬೇರೆ, ಎರಡನೆಯದು ಬೇರೆ ಎಂಬುದನ್ನು ಗಮನಿಸತಕ್ಕದ್ದು.) ಅದಿಲ್ಲದೆ ಕಾರ್ಯಕ್ರಮ ಆಗುವುದಿಲ್ಲವೆಂದು ವಾಹಿನಿಯವರು ಬೇರೊಬ್ಬ ಮಾಲೀಕರನ್ನು ಹುಡುಕಿಕೊಂಡು ಹೋಗಿರುತ್ತಾರೆ. ಕಸ್ತೂರಬಾಯಿ ಆ ವಾರವೇ ಕೆಲಸಕ್ಕೆ ಮರಳಿದರು.

ಎಲ್ಲರೆದುರು ತಪ್ಪು ಒಪ್ಪಿಕೊಳ್ಳಲು ಮಾಲೀಕರು ಅಡುಗೆಮನೆಗೆ ಬಂದಾಗ ಮಲಕಮ್ಮ, "ಒಳಗ ಬ್ಯಾಡ್ರಿ, ಬಾಗಲಾಗೇ ನಿಂತು ಹೇಳ್ರಿ," ಎಂದಳು. ಅವರು ಬಾಗಿಲಲ್ಲೇ ನಿಂತು ಹೇಳಿದರು. ಬಸ್ಸಿನ ಹಾರ್ನಿನಲ್ಲಿ ಅರ್ಧ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿರೆಂದು ಯಾರೂ ಅನ್ನಲಿಲ್ಲ.

ಆದೇಶ:

ಮೇಲ್ಕಂಡ ಕಾರಣಗಳಿಂದಾಗಿ ಕೆಳಗಿನಂತೆ ಸೂಚಿಸಲಾಗಿದೆ.

೧. ಧನರಾಜ ಎಂಬುವವರನ್ನು ತೆಗೆದಿರುವುದು ಕ್ರಮಬದ್ಧವಾಗಿದೆ. ತೆಗೆದದ್ದು ಮನುಷ್ಯನನ್ನೋ ಗಡ್ಡವನ್ನೋ ಎಂಬ ಪ್ರಶ್ನೆಗೆ, ನಿಲಂಗಾ ನ್ಯಾಯಾಲಯದ ಎದುರು ಚಹಾ ಕುಡಿಯುತ್ತಿದ್ದ ವಕೀಲರೊಬ್ಬರು 'ಮನುಷ್ಯನನ್ನು' ಎಂದು ಅಭಿಪ್ರಾಯಪಟ್ಟಿರುತ್ತಾರೆ. ಆದ್ದರಿಂದ ಮಾಲೀಕರು ಉಮರ್ಗಾ ಶಾಖೆಯಲ್ಲಿ ಗ್ರಾಹಕರ ಕಡೆಯಿಂದ ಮಾತ್ರ ಪ್ರವೇಶಿಸತಕ್ಕದ್ದು.

೨. ಕೆಲಸದ ವೇಳೆಯಲ್ಲಿ ಯಾರನ್ನೂ ಸತ್ತವರ, ಕಾಯಿಲೆಯವರ, ಮುರಿದ ಮದುವೆಗಳ ವಿಷಯ ಕೇಳತಕ್ಕದ್ದಲ್ಲ. ಕಾರ್ಯಕ್ರಮಕ್ಕೆ ಕಣ್ಣೀರು ಅನಿವಾರ್ಯವಾದಲ್ಲಿ ಅಧಿಕಾರಿಗೆ ಒಂದು ಚೀಲ ಈರುಳ್ಳಿ ಹೆಚ್ಚಲು ಕೊಡತಕ್ಕದ್ದು.

೩. ಅಂಟಿಸಿದ ಗಡ್ಡ ಸಾರಿನಲ್ಲಿ ಬಿದ್ದಲ್ಲಿ ಸಾರನ್ನು ಚೆಲ್ಲತಕ್ಕದ್ದು. ಗಡ್ಡವನ್ನು ತೊಳೆದು ಮತ್ತೆ ಬಳಸುವಂತಿಲ್ಲ.

೪. ಈ ಘಟನೆಯ ನಂತರ ಉದಗೀರ ಶಾಖೆಗೆ ಹೊಸದಾಗಿ ಸೇರಿದ ಜ್ಞಾನೇಶ್ವರ ಎಂಬುವವರನ್ನು ಅಲ್ಲಿಯವರು ಮಾಲೀಕರೆಂದು ತಿಳಿದು ಕುರ್ಚಿ ಹಾಕಿ ಕೂಡಿಸಿ, ಹೊತ್ತುಹೊತ್ತಿಗೆ ಚಹಾ ಕೊಡುತ್ತಿದ್ದಾರೆ. ಇದೇ ತಮ್ಮ ಕೆಲಸವೆಂದು ಅವರು ತಿಳಿದಿದ್ದು, ಕೆಲಸ ಹಿಡಿಸಿದೆ ಎಂದು ಊರಿಗೆ ಫೋನು ಮಾಡಿರುತ್ತಾರೆ. ಅವರನ್ನು ಕೂಡಲೇ ಎಬ್ಬಿಸತಕ್ಕದ್ದು.

೫. ಪರೀಕ್ಷಿಸುವ ಸಲುವಾಗಿ ಗ್ರಾಹಕರ ಗಡ್ಡ ಎಳೆಯುವುದನ್ನು ನಿಷೇಧಿಸಲಾಗಿದೆ. ನಿಲಂಗಾ ಶಾಖೆಯಲ್ಲಿ ಎಳೆಯಲ್ಪಟ್ಟ ಗಡ್ಡ ನಿಜವಾದದ್ದಾಗಿದ್ದು, ಅದರ ಮಾಲೀಕರು ಸೋಯಾಬೀನ್ ವ್ಯಾಪಾರಿಗಳಾಗಿರುತ್ತಾರೆ. ಅವರ ಸಿಟ್ಟು ಇನ್ನೂ ಇಳಿದಿಲ್ಲ.

೬. ನಿಜವಾದ ಮಾಲೀಕರು ಯಾರು ಎಂಬ ಬಗ್ಗೆ ಸಂದೇಹ ಬಂದಲ್ಲಿ, ಎಲ್ಲರನ್ನೂ ಪಾತ್ರೆ ತೊಳೆಯಲು ಹಚ್ಚತಕ್ಕದ್ದು.

ಸಹಿ/-
ರೇವಣಸಿದ್ಧ
ಆಡಳಿತಾಧಿಕಾರಿ

ಪ್ರತಿಗಳು:
೧. ಮಾಲೀಕರಿಗೆ – ಮಾಹಿತಿಗಾಗಿ, ಗ್ರಾಹಕರ ಕಡೆಯಿಂದ.
೨. ಸಂಜುಕುಮಾರ, ಮ್ಯಾನೇಜರ್, ಉಮರ್ಗಾ – ಊಟದ ನಂತರ ಓದಲು.
೩. ಮಲಕಮ್ಮ, ರೊಟ್ಟಿ ವಿಭಾಗ – ಅನುಮೋದನೆಗಾಗಿ.
೪. ಕಸ್ತೂರಬಾಯಿ, ಪಾತ್ರೆ ವಿಭಾಗ – ಓದಿ ಹೇಳುವವರು ನಿಯಮಗಳನ್ನಷ್ಟೇ ಓದತಕ್ಕದ್ದು. ಹಿನ್ನೆಲೆಯನ್ನು ಓದಬಾರದು, ಅದು ಅವರಿಗೆ ಗೊತ್ತಿದೆ.